ಹೊಲಿಗೆ ಕಾಣುವ ಹಕ್ಕಿ

ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ಹಲ್ಲು ಕೀಳುವ ನನ್ನ ಮುದ್ದು ಮಗಳಿಗೆ,

ಅಪ್ಪನ ಆಶೀರ್ವಾದ. ಮನಸ್ಸು ಗಟ್ಟಿ ಮಾಡಿಕೊಂಡು ಓದು. ನಿಮ್ಮಮ್ಮ ಹೊಳೆ ಪಾಲಾದಳು.

ಕುರ್ಚಿ ಹಿಡಿದುಕೊಂಡೆಯಾ? ಬಿಡು, ಬಿಡು. ಮುಳುಗಿಲ್ಲ, ತೇಲಿಲ್ಲ, ಚಪ್ಪಲಿ ಕೂಡ ನೆಂದಿಲ್ಲ. ಬೆಳಕು ಹರಿಯುವ ಮೊದಲೇ ಹೊಳೆ ದಡಕ್ಕೆ ಹೋದರೆ ಬಿಸಿಲು ನೆತ್ತಿಗೆ ಬರುವ ತನಕ ಮನೆ ಕಡೆ ತಲೆ ಹಾಕುವುದಿಲ್ಲ, ಅಷ್ಟೇ. ಅಲ್ಲಿಯವರೆಗೆ ನಾನು ಮಾಡಿದ ಕಾಫಿಯನ್ನು ನಾನೇ ಕುಡಿಯಬೇಕು. ಇದಕ್ಕಿಂತ ದೊಡ್ಡ ಅನಾಹುತ ಬೇಕಾ? ತಪ್ಪಾಯಿತಮ್ಮ, ಬೈಯಬೇಡ. ಅಪ್ಪನ ಕಾಗದದ ಮೊದಲ ಸಾಲನ್ನು ನಂಬಬಾರದು ಅಂತ ಈ ವಯಸ್ಸಿಗೂ ನಿನಗೆ ಗೊತ್ತಾಗಿಲ್ಲ ಅಂದರೆ ಅದು ನನ್ನ ತಪ್ಪಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಶುರು ಮಾಡಿದರೂ ನೀನು "ಅಪ್ಪಾ, ಅಮ್ಮನಿಗೆ ಕೊಡು" ಅನ್ನುತ್ತೀಯ. ಕಾಗದ ಹಾಗಲ್ಲ, ನಡುವೆ ಬಾಯಿ ಹಾಕುವುದಿಲ್ಲ. ಅಲ್ಲದೆ ಇದರ ಜೊತೆ ಒಂದು ಫೋಟೋ ಕಳಿಸಬೇಕಿತ್ತು. ಕವರಿನೊಳಗೆ ಎರಡು ರಟ್ಟಿನ ನಡುವೆ ಇದೆ. ಈಗಲೇ ತೆಗೆಯಬೇಡ, ಕಾಗದ ಮುಗಿಸಿದ ಮೇಲೆ ನೋಡು.

ತೆಗೆದೆ ಅಲ್ವಾ? ಸಂಶಯವೇ ಇಲ್ಲ, ನೀನು ನನ್ನ ಮಗಳೇ. ಸರಿ, ನೋಡಿದ್ದು ನೋಡಿದೆ. ಅದನ್ನು ತೆಗೆದವಳು ನಿಮ್ಮಮ್ಮ. ಹೌದು, ಅದೇ ಕ್ಯಾಮೆರಾದಲ್ಲಿ. ಹೌದು, ಅದೇ ಕೈಯಲ್ಲಿ.

ಹೋದ ತಿಂಗಳು ನೀನು ಬರೆದಿದ್ದೆ. ಅಮ್ಮ ಕಳಿಸಿದ ಹಕ್ಕಿ ಫೋಟೋಗಳೆಲ್ಲ ಕದಡಿಹೋಗಿವೆ, ಯಾವುದು ಹಕ್ಕಿ ಯಾವುದು ನೀರು ಅಂತಲೇ ಗೊತ್ತಾಗುತ್ತಿಲ್ಲ, ಕೈ ಇಷ್ಟು ನಡುಗುವಾಗ ಯಾಕೀ ಹಟ, ಸುಮ್ಮನೆ ಮನಸ್ಸಿಗೆ ನೋವು, ಕ್ಯಾಮೆರಾ ಪ್ಯಾಕ್ ಮಾಡಿ ವಾಪಸ್ ಕಳಿಸಿಬಿಡಿ, ಕ್ಲಿನಿಕ್ಕಿಗಾದರೂ ಆಗುತ್ತೆ ಅಂತ. ಅಕ್ಕರೆಯಿಂದಲೇ ಬರೆದೆ, ನನಗೆ ಗೊತ್ತು. ನಿಮ್ಮಮ್ಮನಿಗೂ ಗೊತ್ತು. ಓದಿ ರೇಗುತ್ತಾಳೆ, ನಾಲ್ಕು ಮಾತು ಬಿಸಿಯಾಗಿ ಅಂದು ಮತ್ತೆ ಹೊಳೆಗೆ ಹೊರಡುತ್ತಾಳೆ ಅಂತ ನಾನು ಕಾದೆ. ರೇಗಲಿಲ್ಲ. "ಸರಿಯಾಗೇ ಬರೆದಿದಾಳೆ ಬಿಡಿ" ಅಂದಳು. ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದು ಬೀರುವಿನ ಮೇಲಿಟ್ಟಳು. "ಬಿಡುವಾದಾಗ ಪೋಸ್ಟ್ ಮಾಡಿ" ಅಂದಳು.

ಆಮೇಲೆ ಅಡುಗೆಮನೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು, ಯಾರದೋ ಅಳುವ ಮಗುವನ್ನು ತೊಡೆ ಮೇಲೆ ಸುಮ್ಮನಿರಿಸುವ ಹಾಗೆ. ಮಾರನೆಯ ದಿನವೂ ಅಲ್ಲೇ. ಅದರ ಮಾರನೆಯ ದಿನವೂ. ಬೈಯಲಿ ಅಂತಲೇ ನಾನು ಉಪ್ಪಿನ ಡಬ್ಬಿಗೆ ಸಕ್ಕರೆ ತುಂಬಿಟ್ಟೆ. ಸಾರು ಸಿಹಿಯಾಯಿತು. ಅವಳು ತುಟಿ ಪಿಟ್ಟೆನ್ನದೆ ಊಟ ಮಾಡಿದಳು. ಆಗ ನನಗೆ ನಿಜವಾಗಿ ಭಯವಾಯಿತು ನೋಡು.

ಅವಳು ಏನಾಗಿದ್ದಳು ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳಿದರೆ ನನಗೆ ಹೊಟ್ಟೆ ತುಂಬುತ್ತದೆ. ಆಸ್ಪತ್ರೆಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಎಕ್ಸ್‌ರೇ ಅಮ್ಮ. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಅಲ್ಲಾಡ್ಬೇಡಿ... ಹಾಂ, ಈಗ ಬಿಡಿ." ಆ ದನಿಗೆ ಕುಡುಕರು ನೆಟ್ಟಗೆ ನಿಲ್ಲುತ್ತಿದ್ದರು, ಅಳುವ ಮಕ್ಕಳು ಅಳುವುದನ್ನು ಅಷ್ಟು ಹೊತ್ತು ಮುಂದೂಡುತ್ತಿದ್ದರು. ಮೊದಲ ಸಲ ತೆಗೆದದ್ದು ಸರಿ ಬಂದಿಲ್ಲ, ಇನ್ನೊಂದು ಸಲ ಬನ್ನಿ ಅಂತ ಅವಳು ಯಾರನ್ನೂ ಕರೆಸಿದವಳಲ್ಲ. ಕೈ ಕೈಕೊಟ್ಟ ಮೇಲೆ, ಯಾರೂ ಏನೂ ಹೇಳುವ ಮೊದಲೇ, ತಾನೇ ಹೋಗಿ ಕೋಣೆಯ ಬೀಗದ ಕೈ ಕೊಟ್ಟು ಬಂದಳು. ಡಾಕ್ಟರು ಈ ನಡುಕ ಅಪಾಯದ್ದಲ್ಲ, ಆದರೆ ಹೋಗುವಂಥದ್ದೂ ಅಲ್ಲ ಅಂದಿದ್ದರು. ಆಗಲೇ ನೀನು ಹಳೇ ಕ್ಯಾಮೆರಾ ಬಿಟ್ಟುಹೋದದ್ದು. "ಇಷ್ಟು ವರ್ಷ ಎಲ್ಲರ ಒಳಗನ್ನು ನೋಡಿದ್ದಾಯ್ತು, ಇನ್ನು ಹೊರಗನ್ನು ನೋಡ್ತೀನಿ" ಅಂತ ಅದನ್ನು ಕೊರಳಿಗೆ ಹಾಕಿಕೊಂಡಳು.

ಹೊರಗೆ ಅವಳ ಕಣ್ಣಿಗೆ ಬಿದ್ದದ್ದು ಆ ಮೆಟ್ಟುಗಾಲು ಹಕ್ಕಿ. ಬಿಳಿ ಹೊಟ್ಟೆ, ಕರಿ ರೆಕ್ಕೆ, ಸೂಜಿಯಂಥ ಕೊಕ್ಕು, ಕೆಂಪು ಕಣ್ಣು. ಮತ್ತೆ ಕಾಲು! ಗುಲಾಬಿ ಬಣ್ಣದ್ದು, ಪೆನ್ಸಿಲಿಗಿಂತ ಸಪೂರ. ಆ ಹಕ್ಕಿಯಲ್ಲಿ ಮುಕ್ಕಾಲು ಪಾಲು ಕಾಲೇ, ಮಿಕ್ಕ ಕಾಲು ಪಾಲು ಹಕ್ಕಿ. ನಡುಹೊಳೆಯ ಮರಳ ದಿಣ್ಣೆಯ ಸುತ್ತ, ಆಗಷ್ಟೇ ನೆಲ ಒರೆಸಿದ ಮನೆಯೊಳಗೆ ಬರುವವರ ಹಾಗೆ, ಕಾಲೆತ್ತಿ ಎತ್ತಿ ಇಟ್ಟು ನಡೆಯುತ್ತದೆ. ಒಂದು ಗಳಿಗೆ ನಿಲ್ಲುವುದಿಲ್ಲ. ಅದು ಅಲ್ಲಾಡುತ್ತದೆ, ಇವಳ ಕೈ ಅಲ್ಲಾಡುತ್ತದೆ, ನೀರು ಅಲ್ಲಾಡುತ್ತದೆ. ಫೋಟೋ ಇನ್ನೇನಾಗುತ್ತದೆ? "ಈ ರೋಗಿ ಮಾತೇ ಕೇಳಲ್ಲ ರೀ" ಅಂತ ಹಕ್ಕಿಯನ್ನೇ ಬೈಯುತ್ತಿದ್ದಳು. ನೀನು ಬರೆದ ಮೇಲೆ ಹಕ್ಕಿಯನ್ನು ಬೈಯುವುದನ್ನೂ ಬಿಟ್ಟಳು.

ಆಗ ನಾನು ನನ್ನ ಕಸುಬು ಶುರು ಮಾಡಿದೆ. ಬೀದಿಯವರೆಲ್ಲ ನನ್ನನ್ನು ಛತ್ರಿ ಅನ್ನುವುದು ಛತ್ರಿ ರಿಪೇರಿ ಮಾಡುತ್ತೇನೆ ಅಂತ ಮಾತ್ರ ಅಲ್ಲ ಅಂತ ನಿನಗೂ ಗೊತ್ತು. ಕಡ್ಡಿ ಆಡಿಸುವುದು ನನ್ನ ಹೊಟ್ಟೆಪಾಡು. ಅಂಗಡಿಯಲ್ಲಿ ಯಾರೂ ವಾಪಸ್ ಕೇಳದ ಒಂದು ಮುರುಕಲು ಛತ್ರಿ ಬಿದ್ದಿತ್ತು. ಅದರ ಎರಡು ಕಡ್ಡಿ ಕಾಲಾದವು. ನೀನು ಬಿಟ್ಟುಹೋದ ಉಗುರು ಬಣ್ಣ ಬಳಿದೆ, ಥೇಟ್ ಅದೇ ಗುಲಾಬಿ. ಹಳೇ ದಿಂಬಿನ ಚೀಲಕ್ಕೆ ಚಿಂದಿ ತುಂಬಿ ಹೊಟ್ಟೆ. ಛತ್ರಿ ಬಟ್ಟೆ ಕತ್ತರಿಸಿ ರೆಕ್ಕೆ. ಕೈಗೆ ಸಿಕ್ಕ ದಾರದಲ್ಲಿ ಹೊಲಿದೆ. ಮಬ್ಬು ಬೆಳಕಿನಲ್ಲಿ ಪ್ಯಾಂಟು ಮಡಚಿಕೊಂಡು, ಮೊಣಕಾಲುದ್ದ ನೀರು ದಾಟಿ, ದಿಣ್ಣೆಯ ಮೇಲೆ ನೆಟ್ಟು ಬಂದೆ. ದೂರದಿಂದ ನೋಡಿದರೆ ನಾನೇ ನಮಸ್ಕಾರ ಹೇಳಬೇಕು, ಹಾಗಿತ್ತು.

ಮನೆಗೆ ಬಂದು ಅವಳಿಗೆ ಹೇಳಿದೆ, "ಲೇ, ನಿನ್ನ ಹಕ್ಕಿ ಬಂದಿದೆ. ಆಗಿಂದ ಒಂದೇ ಕಡೆ ನಿಂತಿದೆ. ಅಲ್ಲಾಡ್ತಾನೇ ಇಲ್ಲ."

"ನಿಮ್ಮ ಮಾತು ನಂಬೋಕೆ ನನಗೇನು ಹುಚ್ಚಾ" ಅಂದಳು. ಆಮೇಲೆ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು, "ಅಲ್ಲಾಡ್ತಿಲ್ಲ ಅಂದ್ರೆ? ಕಾಲಿಗೇನಾದ್ರೂ ಆಗಿದೆಯಾ?"

ನೋಡಿದೆಯಾ! ನಾನು ಎಸೆದ ಗಾಳ ಒಂದು, ಅವಳು ಕಚ್ಚಿದ್ದು ಇನ್ನೊಂದು. ನಾನು ನಿಂತ ಹಕ್ಕಿ ಅಂದರೆ ಅವಳಿಗೆ ಕೇಳಿಸಿದ್ದು ಮೂಳೆ ಮುರಿದ ಹಕ್ಕಿ. "ಇರಬಹುದಪ್ಪ, ನನಗೇನು ಗೊತ್ತಾಗತ್ತೆ, ನಾನು ಛತ್ರಿ ಮೂಳೆ ನೋಡೋನು" ಅಂದೆ. ಅವಳು ಎದ್ದು ಬೀರುವಿನ ಮೇಲಿಂದ ಚೀಲ ಇಳಿಸಿದಳು.

ದಡದಲ್ಲಿ ಕೂತು ತೆಗೆದೇ ತೆಗೆದಳು. ಹತ್ತಿರ ಹೋಗೋಣ ಅಂದರೆ ಬಿಡಲಿಲ್ಲ. "ಹೆದರಿ ಹಾರೋಕೆ ಹೋಗಿ ಇನ್ನಷ್ಟು ಮುರ್ಕೊಳ್ಳತ್ತೆ, ಇಲ್ಲಿಂದಲೇ ಕಾಲು ಕಾಣಬೇಕು." ಕಾಣಲಿಲ್ಲ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಮೊದಲಿನ ಹಾಗೇ ಕಲಸುಮೇಲೋಗರ. ಆದರೆ ಈ ಸಲ ಹಕ್ಕಿಯನ್ನು ಬೈಯಲು ಅವಳಿಗೆ ದಾರಿಯೇ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಕಳಚುತ್ತಾ ಬಾಗಿಲಲ್ಲೇ ನಿಂತುಬಿಟ್ಟಳು.

"ರೋಗಿ ಅಲ್ಲಾಡ್ತಿಲ್ಲ ರೀ. ಅಲ್ಲಾಡ್ತಿರೋದು ನಾನು."

ನಾನು ಏನೋ ಜೋಕು ಹೇಳೋಣ ಅಂತ ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಯೋಚನೆ ಮಾಡುತ್ತಿದ್ದಳು. "ಅಲ್ಲಾಡೋ ರೋಗಿಗೆ ನಾವೇನು ಮಾಡ್ತಿದ್ವಿ? ಕೈ ನಡುಗೋರಿಗೆ ಕೈ ಮೇಲೆ ಮರಳಿನ ಚೀಲ ಇಡ್ತಿದ್ವಿ. ನನ್ನ ಕೈಗೆ ನಾನೇ ಯಾಕೆ ಇಟ್ಕೊಳ್ಳಲಿಲ್ಲ? ಇಷ್ಟು ದಿನ ಹೊಳೀಲೇ ಇಲ್ವಲ್ಲ."

"ಹೊಳೆ ಹತ್ತಿರ ದಿನಾ ಹೋಗ್ತಿದ್ದೆ, ಹೊಳೀಲಿಲ್ಲ ಅಂದ್ರೆ ಹೇಗೆ" ಅಂದೆ. ಬೈಸಿಕೊಂಡೆ. ಆಹಾ, ಎಷ್ಟು ದಿನವಾಗಿತ್ತು ಬೈಸಿಕೊಂಡು! ಗಂಟಲಲ್ಲಿ ಬಿಸಿ ಸಾರು ಇಳಿದ ಹಾಗೆ ಹಿತವಾಗಿತ್ತು.

ಛತ್ರಿ ಬಟ್ಟೆಯಲ್ಲಿ ಚೀಲ ಹೊಲಿದುಕೊಡಿ ಅಂದಳು, ಅದರ ನೇಯ್ಗೆ ಬಿಗಿ, ಮರಳು ಸೋರುವುದಿಲ್ಲ. ಅಂಗೈ ಅಗಲದ್ದು ಎರಡು, ಮುಂಗೈ ಉದ್ದದ್ದು ಒಂದು. ಹೊಲಿದುಕೊಟ್ಟೆ. ಹೊಳೆಯ ಮರಳನ್ನೇ ತುಂಬಿದಳು. ಮೊದಲ ದಿನ ಚೀಲ ತೀರಾ ಭಾರವಾಗಿ ಬೆರಳು ಮರಗಟ್ಟಿತು. ಮರಳು ಕಡಿಮೆ ಮಾಡಿದಳು. ಕ್ಯಾಮೆರಾವನ್ನು ಒಂದರ ಮೇಲೆ ಕೂರಿಸಿ, ಮೊಣಕೈ ಇನ್ನೊಂದರ ಮೇಲೆ ಊರಿ, ಉದ್ದದ್ದನ್ನು ಬಲಗೈ ಮೇಲೆ ಹೇರಿಕೊಂಡು, ಹೊಟ್ಟೆ ಮೇಲೆ ಮಲಗಿ ನೋಡಿದಳು. ಮೊಣಕೈ ತರಚಿತು. ನನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ ಹಾಕಿಕೊಂಡಳು, ನನ್ನನ್ನು ಕೇಳದೆ! ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..." ತನ್ನ ಕೈಯನ್ನೇ ಬಹುವಚನದಲ್ಲಿ ಮಾತಾಡಿಸುತ್ತಿದ್ದಳು ಕಣೇ, ಹೊಸ ರೋಗಿಯ ಹಾಗೆ. ನನ್ನ ಪಾಡು ಕೇಳು. ಅವಳು ಮಧ್ಯಾಹ್ನ ಮಲಗಿದಾಗ ಹಕ್ಕಿ ಕಿತ್ತು ತರುವುದು, ಬೆಳಗಾಗುವ ಮೊದಲು ಮತ್ತೆ ನೆಡುವುದು. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡರೆ "ಎಲ್ಲಿ ಕುಣಿದ್ರಿ?" ಅಂತ ಅವಳ ವಿಚಾರಣೆ.

ಒಂದು ಬೆಳಗ್ಗೆ ಅವಳು ಪರದೆ ನೋಡಿದವಳೇ ಥಟ್ಟನೆ ಎದ್ದಳು. ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ನೇರ ಸ್ಟುಡಿಯೋಗೆ ನಡೆದಳು. ನಾನು ಹಿಂದೆ ಹಿಂದೆ. ಆ ಸ್ಟುಡಿಯೋದವನು ನಿನಗೆ ಗೊತ್ತಲ್ಲ, ನಿನ್ನ ಶಾಲೆಯ ಕಾರ್ಡಿಗೆ ಮೆಳ್ಳೆಗಣ್ಣು ಬರುವ ಹಾಗೆ ಫೋಟೋ ತೆಗೆದವನು, ನಾವು ಸ್ಮೈಲ್‌ಪ್ಲೀಸ್ ಅನ್ನುತ್ತಿದ್ದವನು. ಅವನು ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರ ಹೋದ.

"ಅಮ್ಮಾ, ಈ ಹಕ್ಕಿಗೆ ಆಪರೇಷನ್ ಆಗಿದೆ" ಅಂದ. "ನೋಡಿ, ಬೆನ್ನ ಮೇಲೆ ಹೊಲಿಗೆ ಹಾಕಿದಾರೆ."

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಅವಳು ಪ್ರಿಂಟು ಹಾಕಿಸಿಕೊಂಡು, ಆಸ್ಪತ್ರೆಯಲ್ಲಿ ಫಿಲ್ಮ್ ಹಿಡಿಯುತ್ತಿದ್ದಳಲ್ಲ, ಹಾಗೇ ಎರಡು ಮೂಲೆ ಹಿಡಿದು ಬೆಳಕಿಗೆ ಎತ್ತಿದಳು. ಮೊದಲು ಕಾಲು ನೋಡಿದಳು. "ಕಾಲಲ್ಲಿ ಸಂದೇ ಇಲ್ಲ. ಹುಟ್ಟಿದಾಗಿಂದ ಮಡಚೇ ಇಲ್ಲ ಇದು." ಆಮೇಲೆ ಬೆನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ರೀ."

ಆ ಒಂದು ಅಕ್ಷರದಲ್ಲಿ ನಮ್ಮ ಇಡೀ ದಾಂಪತ್ಯ ಇತ್ತು ಮಗಳೇ.

"ಕರೀ ಬಟ್ಟೆಗೆ ಬಿಳೀ ದಾರ! ಅದೂ ಒಂದೊಂದು ಹೊಲಿಗೆ ಹೆಬ್ಬೆರಳಿನಷ್ಟು ಉದ್ದ! ಜೀವಮಾನವೆಲ್ಲ ಛತ್ರಿ ಹೊಲಿದೋರು ಹೊಲಿಯೋ ಹೊಲಿಗೆನಾ ಇದು? ಕಣ್ಣು ಪೂರ್ತಿ ಹೋಗಿದೆ ನಿಮಗೆ. ನಾನು ಮುರಿದ ಕಾಲು ಅಂತ ಪ್ರಾಣ ಬಿಡ್ತಿದ್ದೆ, ನೀವು ಇಲ್ಲಿ ಬೊಂಬೆ ಆಡಿಸ್ತಿದ್ರಾ?" ಸ್ಮೈಲ್‌ಪ್ಲೀಸ್ ಮಾತ್ರ ಜೀವನದಲ್ಲೇ ಮೊದಲ ಸಲ ಯಾರೂ ಕೇಳದೆ ನಗುತ್ತಿದ್ದ. ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈಗುಳ ಇನ್ನೂ ಬರುವುದಿತ್ತು, ನಡುವೆ ನಿಂತುಹೋಯಿತು. ತಲೆ ಎತ್ತಿ ನೋಡಿದರೆ ಅವಳು ಮತ್ತೆ ಪ್ರಿಂಟನ್ನೇ ನೋಡುತ್ತಿದ್ದಾಳೆ.

"ಹೊಲಿಗೆ ಕಾಣ್ತಿದೆ ರೀ" ಅಂದಳು, ದನಿ ಸಣ್ಣದಾಗಿತ್ತು. "ಅಷ್ಟು ದೂರದಿಂದ. ಒಂದೊಂದೂ ಕಾಣ್ತಿದೆ."

ಪಾಸ್‌ಪೋರ್ಟ್ ಫೋಟೋಗೆ ಕೂರಿಸುವ ಆ ಸ್ಟೂಲಿನ ಮೇಲೆ ಕೂತುಬಿಟ್ಟಳು. ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಬಂದಿತ್ತು. ಪ್ರಿಂಟು ಅವಳ ಕೈಯಲ್ಲಿ ಪಟಪಟ ಅಲ್ಲಾಡುತ್ತಿತ್ತು. ಅದರೊಳಗಿನ ಹಕ್ಕಿ ಅಲ್ಲಾಡದೆ ನಿಂತಿತ್ತು.

ಈಗ ನಿನ್ನ ಕೈಯಲ್ಲಿರುವ ಫೋಟೋಗೆ ಬರುತ್ತೇನೆ. ಅದು ಮಾರನೆಯ ದಿನದ್ದು. ಬೆಳಗ್ಗೆಯೇ ಎಬ್ಬಿಸಿ, "ನಡೀರಿ, ನಿಮ್ಮ ಕಸ ನೀವೇ ಕಿತ್ತು ತನ್ನಿ, ಪಾಪ ನಿಜವಾದ ಹಕ್ಕಿಗಳು ಹೆದರ್ತಾವೆ" ಅಂತ ನನ್ನನ್ನು ನೀರಿಗಿಳಿಸಿದಳು. ತಾನು ಮರಳು ಚೀಲ ಜೋಡಿಸಿಕೊಂಡು ದಡದಲ್ಲಿ ಮಲಗಿದಳು. ನಾನು ನಡುನೀರಿನಲ್ಲಿ ಇದ್ದೇನೆ, "ಕಿಕ್ ಕಿಕ್" ಅಂತ ಕೂಗಿಕೊಂಡು ಒಂದು ಹಕ್ಕಿ ಇಳಿಯಿತು, ಅಸಲಿ! ನನ್ನ ಹಕ್ಕಿಯ ಪಕ್ಕದಲ್ಲೇ. ಸುತ್ತ ಒಂದು ಸಲ ನಡೆಯಿತು. ಕೊರಳು ಓರೆ ಮಾಡಿ ನೋಡಿತು, ಹೊಸದಾಗಿ ಬಂದ ಬಾಡಿಗೆಯವರನ್ನು ನೋಡುವ ಹಾಗೆ. ಹಿಂದಿನಿಂದ ಅವಳ ದನಿ ಬಂತು, ಪಿಸುಮಾತಿಗಿಂತ ಸ್ವಲ್ಪ ಮೇಲೆ: "ಉಸಿರು ಹಿಡೀರಿ. ಅಲ್ಲಾಡ್ಬೇಡಿ."

ನನಗೆ ಹೇಳಿದ್ದೋ, ಹಕ್ಕಿಗೋ, ಅವಳ ಕೈಗೋ ಗೊತ್ತಾಗಲಿಲ್ಲ. ಮೂವರೂ ಹಿಡಿದೆವು. ಮೀನೊಂದು ನನ್ನ ಹಿಮ್ಮಡಿ ಕಚ್ಚುತ್ತಿತ್ತು, ಆದರೂ ಕಂಬದ ಹಾಗೆ ನಿಂತೆ. ಹಕ್ಕಿ ಬಗ್ಗಿ, ಬೊಂಬೆಯ ಬೆನ್ನಿನಿಂದ ಹೊರಗೆ ಇಣುಕುತ್ತಿದ್ದ ದಾರದ ತುದಿ ಹಿಡಿದು ಎಳೆಯಿತು. ದಾರ ಬಿಗಿಯಾಯಿತು. ಕ್ಲಿಕ್.

ನೋಡು ಈಗ ಫೋಟೋವನ್ನು. ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರಿದೆ, ಕಂಡಿತಾ? ಕೆಂಪು ಕಣ್ಣಿನ ಒಳಗೆ ದಡ ಕಾಣುತ್ತದೆ. ಎಳೆದ ದಾರ ಎಷ್ಟು ನೆಟ್ಟಗಿದೆ ನೋಡು, ತಂತಿಯ ಹಾಗೆ. ನಡುಗುವ ಕೈ ಅಂದೆಯಲ್ಲ, ಆ ದಾರದಲ್ಲಿ ನಡುಕ ಹುಡುಕು. ಸಿಕ್ಕರೆ ನನ್ನ ಮಿಕ್ಕ ಹಲ್ಲುಗಳನ್ನೆಲ್ಲ ನಿನ್ನ ಕೈಯಲ್ಲೇ ಕೀಳಿಸಿಕೊಳ್ಳುತ್ತೇನೆ.

ಸ್ಮೈಲ್‌ಪ್ಲೀಸ್ ತನ್ನ ಅಂಗಡಿಯ ಗಾಜಿನಲ್ಲಿ ಇಷ್ಟು ವರ್ಷ ಇಟ್ಟಿದ್ದ ಮದುಮಕ್ಕಳ ಫೋಟೋ ತೆಗೆದು ಇದನ್ನು ದೊಡ್ಡದಾಗಿ ಹಾಕಿಸಿ ಇಟ್ಟಿದ್ದಾನೆ. ಬಸ್ಸಿಗೆ ಓಡುವವರು ಕೂಡ ನಿಂತು ನೋಡುತ್ತಾರೆ. ತರಕಾರಿ ಅಂಗಡಿ ನಮ್ಮ ಮನೆಯಿಂದ ಬಲಕ್ಕೆ, ಸ್ಟುಡಿಯೋ ಎಡಕ್ಕೆ. ನಿಮ್ಮಮ್ಮ ಈಗ ತರಕಾರಿಗೆ ಎಡಕ್ಕೇ ಹೋಗುವುದು. ನಾನು ಕೇಳಿದರೆ "ಕಾಲಿಗೆ ಒಳ್ಳೇದು" ಅನ್ನುತ್ತಾಳೆ. ಮೊನ್ನೆ ಅವಳ ಹಿಂದೆ ಕದ್ದು ಹೋಗಿದ್ದೆ. ಗಾಜಿನ ಮುಂದೆ ಇಬ್ಬರು ಹೆಂಗಸರು ವಾದ ಮಾಡುತ್ತಿದ್ದರು, ಎರಡೂ ನಿಜವಾದ ಹಕ್ಕಿ ಅಂತ ಒಬ್ಬಳು, ಒಂದು ಸುಳ್ಳು ಅಂತ ಇನ್ನೊಬ್ಬಳು. ಇವಳು ಚೀಲ ತೂಗಾಡಿಸುತ್ತಾ ಹೋಗಿ ನಡುವೆ ನಿಂತಳು. "ಎಡಗಡೆದು ನಮ್ಮೆಜಮಾನ್ರು ಮಾಡಿದ್ದು, ಬಲಗಡೆದು ದೇವರು ಮಾಡಿದ್ದು. ದೇವರ ಹೊಲಿಗೆ ಕಾಣಲ್ಲ, ನೋಡಿ" ಅಂದಳು. ಮತ್ತೆ, ಕೇಳದೇ ಇದ್ದರೂ, "ಫೋಟೋ ತೆಗೆದಿದ್ದು ನಾನು" ಅಂದಳು.

ನಾನು ದೀಪದ ಕಂಬದ ಹಿಂದೆ ನಿಂತಿದ್ದೆ. ಎದೆ ಎಷ್ಟು ಉಬ್ಬಿತ್ತು ಅಂದರೆ ಕಂಬದ ಎರಡೂ ಕಡೆ ಕಾಣಿಸಿಕೊಂಡಿರುತ್ತೇನೆ.

ಕೈ ಈಗಲೂ ನಡುಗುತ್ತದೆ ಮಗಳೇ, ನಿನಗೆ ಸುಳ್ಳು ಹೇಳುವುದಿಲ್ಲ. ಲೋಟ ತಟ್ಟೆಗೆ ತಾಗಿ ಕಿಣಿಕಿಣಿ ಅನ್ನುತ್ತದೆ. ಮೊದಲು ಆ ಸದ್ದಿಗೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದಳು. ಈಗ "ಇರು, ನಿನಗೆ ಚೀಲ ಹೇರ್ತೀನಿ" ಅಂತ ಕೈಯನ್ನೇ ಗದರಿಸಿ ಕುಡಿಯುತ್ತಾಳೆ.

ಕ್ಯಾಮೆರಾ ಬರುವುದಿಲ್ಲ. ಕ್ಲಿನಿಕ್ಕಿಗೆ ಬೇರೆ ಕೊಂಡುಕೊಳ್ಳಬೇಕಂತೆ, ಅಮ್ಮನ ಅಪ್ಪಣೆ. ರಜೆಗೆ ಬಂದರೆ ನಿನ್ನನ್ನೂ ಹೊಳೆಗೆ ಕರೆದುಕೊಂಡು ಹೋಗುತ್ತಾಳಂತೆ, ಆದರೆ ಬಾಯಿ ಮುಚ್ಚಿಕೊಂಡು ಕೂರಬೇಕಂತೆ. ಬೇರೆಯವರ ಬಾಯಿ ತೆರೆಸುವವಳಿಗೆ ಅದು ಕಷ್ಟ ಅಂತ ನಾನೇ ಹೇಳಿದ್ದೇನೆ.

ಇಂತಿ, ಎಕ್ಸ್‌ರೇ ಅಮ್ಮನ ಗಂಡ ಅನ್ನುವ ಒಂದೇ ಬಿರುದು ಸಾಕೆನಿಸಿರುವ,
ನಿನ್ನ ಅಪ್ಪ, ಛತ್ರಿ

ತಾ.ಕ.: ಕಣ್ಣು ಪೂರ್ತಿ ಹೋಗಿದೆ ಅಂದಳಲ್ಲ, ಅಷ್ಟಕ್ಕೇ ಬಿಡಲಿಲ್ಲ, ನನ್ನನ್ನು ಎಳೆದುಕೊಂಡು ಹೋಗಿ ಡಾಕ್ಟರಿಗೆ ಕಣ್ಣು ತೋರಿಸಿದಳು. ಈ ವಯಸ್ಸಿಗೆ ಇಷ್ಟು ಚೆನ್ನಾದ ಕಣ್ಣು ನೋಡಿಲ್ಲ ಅಂದರು ಡಾಕ್ಟರು. ಅವಳು ನಂಬಿಲ್ಲ, ಬೇರೆ ಡಾಕ್ಟರನ್ನು ಹುಡುಕುತ್ತಿದ್ದಾಳೆ. ನಿನಗೊಬ್ಬಳಿಗೆ ಹೇಳುತ್ತೇನೆ, ಅವಳ ಕಿವಿಗೆ ಹಾಕಬೇಡ. ನನ್ನ ಅಂಗಡಿಯಲ್ಲಿ ಇರುವುದು ಕರಿ ದಾರ ಒಂದೇ. ಆ ಹಕ್ಕಿಯನ್ನು ಮೊದಲು ಅದರಲ್ಲೇ ಹೊಲಿದು ಮುಗಿಸಿದ್ದೆ, ಭೂತಗನ್ನಡಿ ಹಿಡಿದರೂ ಹೊಲಿಗೆ ಕಾಣುತ್ತಿರಲಿಲ್ಲ. ಆಮೇಲೆ ಪಕ್ಕದ ದರ್ಜಿಯ ಹತ್ತಿರ ಬಿಳಿ ದಾರ ಕೇಳಿ ತಂದು, ಅದರ ಮೇಲೆ ಉದ್ದುದ್ದ, ಒರಟೊರಟಾಗಿ ಮತ್ತೊಂದು ಸಾ‍ಲು ಹಾಕಿದೆ. ಅವಳ ಫೋಟೋ ಸರಿಯಾಗಿ ಬಂದ ದಿನ ನಾನು ಸಿಕ್ಕಿಬೀಳಬೇಕಿತ್ತು.